ಪ್ಯಾನೆಲ್ಲಿನಲ್ಲಿ ಇರುವುದಕ್ಕೆಲ್ಲ ನಾವೇ ಉತ್ತರ ಕೊಡಬೇಕು

ನನ್ನ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯ ದಿನ, ಇಬ್ಬರೂ ಒಳಗೆ ಕೂತು ಬೆಲ್ಟು ಬಿಗಿದುಕೊಂಡ ಮೇಲೆ, ಎಂಜಿನ್ ಚಾಲೂ ಮಾಡುವುದಕ್ಕೆ ಮೊದಲು ಪರೀಕ್ಷಕರು ಎದುರಿಗಿದ್ದ ಪ್ಯಾನೆಲ್ಲಿನತ್ತ ಕೈ ತೋರಿಸಿ ಒಂದು ಪ್ರಶ್ನೆ ಕೇಳಿದರು. “ಇದರಲ್ಲಿ ನೀವು ಯಾವತ್ತೂ ಒತ್ತಿ ನೋಡದ ಗುಂಡಿ ಯಾವುದಾದರೂ ಇದೆಯೇ?” ಇಲ್ಲ ಎಂದೆ. ಆ ಒಂದು ಪದವನ್ನು ಅಳುಕಿಲ್ಲದೆ ಹೇಳುವ ಹಂತಕ್ಕೆ ಬರಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ಈಗ ನಾನೇ ಇತರರನ್ನು ಈ ಪರೀಕ್ಷೆಗೆ ಸಿದ್ಧಪಡಿಸುತ್ತಿರುವುದರಿಂದ, ಉಪಕರಣಗಳ ಬಳಕೆಯ ಬಗ್ಗೆ ಅಭ್ಯರ್ಥಿಗಳಲ್ಲಿ ಇರುವ ತಪ್ಪು ಕಲ್ಪನೆಗಳನ್ನು ದಿನವೂ ನೋಡುತ್ತಿದ್ದೇನೆ, ಹಾಗಾಗಿ ಅದನ್ನು ಒಮ್ಮೆ ವಿವರವಾಗಿ ಬರೆದಿಡಬೇಕೆನಿಸಿತು.

ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂದರೆ, ಹೊರಗೆ ಏನೂ ಕಾಣದ ಮೋಡದೊಳಗೆ, ಕೇವಲ ಉಪಕರಣಗಳನ್ನು ನೋಡಿಕೊಂಡು ವಿಮಾನ ನಡೆಸಲು ಪೈಲಟ್‌ಗೆ ಸಿಗುವ ಅರ್ಹತೆ. ನಾನು ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್‌ನ, ಅಂದರೆ ಎಫ್‌ಎಎಯ ನಿಯಮಗಳಂತೆ ಸಣ್ಣ ವಿಮಾನದಲ್ಲಿ ನಡೆಯುವ ಪರೀಕ್ಷೆಯ ಬಗ್ಗೆ. ಅಲ್ಲಿ ಈ ಪರೀಕ್ಷೆಗೆ ಕೂರುವ ಮೊದಲು ಪೈಲಟ್-ಇನ್-ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ, 50 ಗಂಟೆಗಳ ದೂರದ ಹಾರಾಟ ಮತ್ತು 40 ಗಂಟೆಗಳ ಉಪಕರಣಾಧಾರಿತ ಹಾರಾಟ ಆಗಿರಬೇಕು. ಪರೀಕ್ಷೆಯಲ್ಲಿ ಏನೇನು ನೋಡಬೇಕೆಂಬುದನ್ನು ‘ಏರ್‌ಮನ್ ಸರ್ಟಿಫಿಕೇಷನ್ ಸ್ಟ್ಯಾಂಡರ್ಡ್ಸ್’ ಎಂಬ ದಾಖಲೆ ನಿಗದಿಪಡಿಸುತ್ತದೆ. 2016ರಲ್ಲಿ ಜಾರಿಗೆ ಬಂದ ಈ ದಾಖಲೆ ಅಭ್ಯರ್ಥಿಗೂ ಪರೀಕ್ಷಕರಿಗೂ ಒಂದೇ. ಮುಚ್ಚುಮರೆ ಯಾವುದೂ ಇಲ್ಲ. ಹಾಗಿದ್ದೂ ಅದನ್ನು ಮೊದಲಿಂದ ಕೊನೆಯವರೆಗೆ ಓದದೆ, ಅವರಿವರು ಹೇಳಿದ್ದನ್ನು ನಂಬಿ ಪರೀಕ್ಷೆಗೆ ಬರುವವರು ಬಹಳ ಮಂದಿ.

ಆ ಮಾತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು, ಪರೀಕ್ಷೆಯಲ್ಲಿ ಆಟೊಪೈಲಟ್ ಮುಟ್ಟಬಾರದು, ಅದನ್ನು ಬಳಸಿದರೆ ಕೈಲಾಗದವರೆಂದು ತಿಳಿಯುತ್ತಾರೆ ಎಂಬುದು. ನಿಜ ಸಂಗತಿ ಇದಕ್ಕೆ ತೀರಾ ವಿರುದ್ಧವಾಗಿದೆ. ವಿಮಾನದಲ್ಲಿ ಆಟೊಪೈಲಟ್ ಸರಿಯಾಗಿ ಅಳವಡಿಕೆಯಾಗಿದ್ದರೆ ಅಭ್ಯರ್ಥಿ ಅದನ್ನು ಬಳಸಬೇಕೆಂಬುದೇ ಪರೀಕ್ಷೆಯ ನಿರೀಕ್ಷೆ, ಮತ್ತು ವಿಮಾನದಲ್ಲಿ ಇರುವ, ಕೆಲಸ ಮಾಡುವ ವ್ಯವಸ್ಥೆಗಳ ಬಗ್ಗೆ ನೆಲದ ಮೇಲಿನ ಪ್ರಶ್ನೋತ್ತರದಲ್ಲೂ ಹಾರಾಟದಲ್ಲೂ ಪರೀಕ್ಷಕರು ಕೇಳಿಯೇ ತೀರುತ್ತಾರೆ. ಅದರ ಜೊತೆಗೆ ಇನ್ನೊಂದು ಷರತ್ತೂ ಇದೆ. ರನ್‌ವೇಗೆ ಇಳಿಯಲು ಉಪಕರಣಗಳ ಆಧಾರದಿಂದ ಹಾರುವ ನಿಗದಿತ ದಾರಿಗೆ ಅಪ್ರೋಚ್ ಎನ್ನುತ್ತಾರೆ; ಸಾಮಾನ್ಯವಾಗಿ ಇಳಿಜಾರಿಗೂ ನಿಖರ ಮಾರ್ಗದರ್ಶನ ಇರುವುದು ಪ್ರಿಸಿಷನ್, ಇಲ್ಲದ್ದು ನಾನ್‌ಪ್ರಿಸಿಷನ್. ಕನಿಷ್ಠ ಒಂದು ನಾನ್‌ಪ್ರಿಸಿಷನ್ ಅಪ್ರೋಚನ್ನು ಆಟೊಪೈಲಟ್ ಇಲ್ಲದೆ, ರೇಡಾರ್ ಮೂಲಕ ದಿಕ್ಕು ಹೇಳುವ ನಿಯಂತ್ರಕರ ನೆರವೂ ಇಲ್ಲದೆ, ಅಭ್ಯರ್ಥಿಯೇ ಹಾರಿ ತೋರಿಸಬೇಕು. ಮೂಗು ಅತ್ತಿತ್ತ ಓಲಾಡುವುದನ್ನು ತಡೆಯುವ ಯಾ ಡ್ಯಾಂಪರ್ ಮತ್ತು ಹೇಗೆ ಹಾರಬೇಕೆಂದು ಗುರುತಿನಿಂದ ತೋರಿಸುವ ಫ್ಲೈಟ್ ಡೈರೆಕ್ಟರ್‌ಗಳನ್ನು ಈ ಲೆಕ್ಕದಲ್ಲಿ ಆಟೊಪೈಲಟ್‌ನ ಭಾಗವೆಂದು ಎಣಿಸುವುದಿಲ್ಲ. ಅಂದರೆ ಯಂತ್ರಕ್ಕೆ ಕೆಲಸ ಒಪ್ಪಿಸುವುದೂ ಗೊತ್ತಿರಬೇಕು, ಅದರಿಂದ ಕೆಲಸವನ್ನು ಹಿಂದಕ್ಕೆ ಪಡೆಯುವುದೂ ಗೊತ್ತಿರಬೇಕು.

ಇದನ್ನು ತಪ್ಪಿಸಿಕೊಳ್ಳಲು ಕೆಲವರು ಹಿಡಿಯುವ ದಾರಿಯೊಂದಿದೆ. ಆಟೊಪೈಲಟ್ ಮೇಲೆ ‘ಕೆಲಸ ಮಾಡುವುದಿಲ್ಲ’ ಎಂಬ ಚೀಟಿ ಅಂಟಿಸಿ, ಅದರ ಸರ್ಕ್ಯೂಟ್ ಬ್ರೇಕರ್ ಎಳೆದು ಪರೀಕ್ಷೆಗೆ ಬರುವುದು. ನಿಜವಾಗಿ ಕೆಟ್ಟಿರುವ ಉಪಕರಣವನ್ನು ನಿಷ್ಕ್ರಿಯಗೊಳಿಸಿ ಚೀಟಿ ಅಂಟಿಸಬೇಕೆಂದು ನಿಯಮವೇ ಹೇಳುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ಕಲಿಯುವ ಶ್ರಮ ತಪ್ಪಿಸಿಕೊಳ್ಳಲು ಕೆಟ್ಟಿದೆ ಎಂದು ಬರೆಯುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಪರೀಕ್ಷೆ ಮುಗಿದ ಮರುದಿನ ಆ ಚೀಟಿ ಕಿತ್ತುಹೋಗುತ್ತದೆ, ಅದೇ ಪೈಲಟ್ ಅದೇ ಆಟೊಪೈಲಟ್ ಹಾಕಿಕೊಂಡು ಮೋಡದೊಳಗೆ ಹೋಗುತ್ತಾರೆ, ಆಗ ಪಕ್ಕದಲ್ಲಿ ಕೇಳುವವರು ಯಾರೂ ಇರುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಯಾವ ವಿಮಾನ ತರಬೇಕೆಂಬ ಆಯ್ಕೆ ನಿಮ್ಮದು, ತಂದ ಮೇಲೆ ಅದರಲ್ಲಿ ಇರುವುದಕ್ಕೆಲ್ಲ ಉತ್ತರ ಕೊಡುವ ಹೊಣೆಯೂ ನಿಮ್ಮದೇ.

ಹೊಣೆಯ ಮಾತು ಕಾಗದಪತ್ರದಿಂದಲೇ ಶುರುವಾಗುತ್ತದೆ. ಇನ್‌ಸ್ಟ್ರುಮೆಂಟ್ ಹಾರಾಟಕ್ಕೆ ವಿಮಾನದಲ್ಲಿ ಇರಲೇಬೇಕಾದ ಸಾಧನಗಳನ್ನು ನಿಯಮಾವಳಿಯ 91.205ನೇ ವಿಧಿ ಹೇಳುತ್ತದೆ: ಮಾತಿಗೂ ಮಾರ್ಗಕ್ಕೂ ಬೇಕಾದ ರೇಡಿಯೊ, ಗಾಳಿಯ ಒತ್ತಡಕ್ಕೆ ಹೊಂದಿಸಬಹುದಾದ, ಎತ್ತರ ತೋರುವ ಆಲ್ಟಿಮೀಟರ್, ತಿರುವಿನ ವೇಗ ತೋರುವ ಉಪಕರಣ, ವಿಮಾನ ಪಕ್ಕಕ್ಕೆ ಜಾರುವುದನ್ನು ತೋರುವ ಅದರ ಕೆಳಗಿನ ಗುಂಡು, ವಿಮಾನ ಎಷ್ಟು ವಾಲಿದೆ ಎಂದು ತೋರುವ ಕೃತಕ ದಿಗಂತ, ವೇಗವಾಗಿ ತಿರುಗುವ ಚಕ್ರದಿಂದ ದಿಕ್ಕು ತೋರುವ ಗೈರೊ, ಜನರೇಟರ್ ಅಥವಾ ಆಲ್ಟರ್ನೇಟರ್, ಮತ್ತು ಗಂಟೆ ನಿಮಿಷ ಸೆಕೆಂಡು ಮೂರನ್ನೂ ತೋರಿಸುವ ಗಡಿಯಾರ. ಕೈಗಡಿಯಾರ ಈ ಲೆಕ್ಕಕ್ಕೆ ಬರುವುದಿಲ್ಲ, ಗಡಿಯಾರ ವಿಮಾನದ್ದೇ ಆಗಿರಬೇಕು. ಆಲ್ಟಿಮೀಟರ್ ಮತ್ತು ಹೊರಗಿನ ಗಾಳಿಯೊತ್ತಡವನ್ನು ಅದಕ್ಕೆ ತಲುಪಿಸುವ ಸ್ಟ್ಯಾಟಿಕ್ ವ್ಯವಸ್ಥೆಯ ತಪಾಸಣೆ 24 ತಿಂಗಳೊಳಗೆ ಆಗಿರಬೇಕು, ರೇಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರಿನದೂ ಅಷ್ಟೇ. ಇವೆಲ್ಲ ಮೆಕ್ಯಾನಿಕ್ ಬರೆದಿಟ್ಟಿರುವ ದಾಖಲೆಗಳು, ಹುಡುಕಿ ಪುಟಕ್ಕೆ ಗುರುತು ಹಾಕಿಟ್ಟರೆ ಸಾಕು.

ಪೈಲಟ್ ತಾನೇ ಮಾಡಿ, ತಾನೇ ಬರೆದು, ತಾನೇ ಸಹಿ ಹಾಕಬೇಕಾದ ತಪಾಸಣೆಯೊಂದಿದೆ. ಅದು ವಿಒಆರ್ ರಿಸೀವರಿನದು, ಅಂದರೆ ನೆಲದ ರೇಡಿಯೊ ಸ್ಟೇಷನ್ನಿನ ಸಂಕೇತದಿಂದ ದಿಕ್ಕು ತಿಳಿಸುವ ಉಪಕರಣದ್ದು. ನನ್ನ ಪರೀಕ್ಷೆಯ ಹಿಂದಿನ ಸಂಜೆ ವಿಮಾನದಲ್ಲಿದ್ದ ಸಣ್ಣ ನೋಟ್‌ಬುಕ್ ತೆರೆದು ನೋಡಿದೆ. ಕೊನೆಯ ನಮೂದಿಗೆ 32 ದಿನಗಳಾಗಿದ್ದವು, ನಿಯಮ ಕೇಳುವುದು 30 ದಿನಗಳೊಳಗಿನ ತಪಾಸಣೆಯನ್ನು. ಆ ವಿಮಾನವನ್ನು ಹಲವರು ಬಾಡಿಗೆಗೆ ಒಯ್ಯುತ್ತಿದ್ದರು, ಯಾರಾದರೊಬ್ಬರು ಬರೆದಿರುತ್ತಾರೆಂದು ಎಲ್ಲರೂ ನಂಬಿದ್ದೆವು, ನಾನೂ ನಂಬಿದ್ದೆ. ತಕ್ಷಣ ಮಾಸ್ಟರ್ ಸ್ವಿಚ್ ಹಾಕಿ, ಎರಡೂ ರಿಸೀವರುಗಳನ್ನು ಒಂದೇ ಸ್ಟೇಷನ್ನಿಗೆ ಹೊಂದಿಸಿ, ಗುರುತಿನ ಮೋರ್ಸ್ ಸದ್ದನ್ನು ಎರಡರಲ್ಲೂ ಕೇಳಿಸಿಕೊಂಡು, ‘ಟು’ ಎಂದು ತೋರಿಸುವಂತೆ ಒಂದೊಂದಾಗಿ ಗುಂಡಿ ತಿರುಗಿಸಿ ಮುಳ್ಳನ್ನು ನಡುವಿಗೆ ತಂದೆ. ಮೊದಲನೆಯದು 183 ಡಿಗ್ರಿ, ಎರಡನೆಯದು 185. ಹೀಗೆ ಎರಡನ್ನು ಒಂದಕ್ಕೊಂದು ತಾಳೆ ನೋಡುವಾಗ 4 ಡಿಗ್ರಿಯವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ. ದಿನಾಂಕ, ಸ್ಥಳ, ವ್ಯತ್ಯಾಸ, ಸಹಿ ಎಂದು ಒಂದು ಸಾಲು ಬರೆದೆ. ಮರುದಿನ ಪ್ರಶ್ನೋತ್ತರದಲ್ಲಿ ಪರೀಕ್ಷಕರು ಆ ನೋಟ್‌ಬುಕ್ಕನ್ನೇ ಮೊದಲು ಕೇಳಿದರು. ನನ್ನ ಕೈಬರಹದ ಸಾಲನ್ನು ನೋಡಿ, ನೆಲದ ಮೇಲಿನ ನಿಗದಿತ ಜಾಗದಲ್ಲಿ ತಪಾಸಣೆ ಮಾಡಿದ್ದರೆ ಮಿತಿ ಎಷ್ಟು, ಗಾಳಿಯಲ್ಲಿ ಮಾಡಿದ್ದರೆ ಎಷ್ಟು ಎಂದು ಕೇಳಿದರು. ನೆಲದಲ್ಲಿ 4, ಗಾಳಿಯಲ್ಲಿ 6. ಹಿಂದಿನ ಸಂಜೆ ಕೈಯಾರೆ ಮಾಡಿದ್ದರಿಂದ ಆ ಅಂಕಿಗಳು ನಾಲಿಗೆಯ ತುದಿಯಲ್ಲೇ ಇದ್ದವು.

ಟ್ಯಾಕ್ಸಿ ಮಾಡುವಾಗಿನ, ಅಂದರೆ ವಿಮಾನವನ್ನು ನೆಲದ ಮೇಲೆ ನಡೆಸಿಕೊಂಡು ಹೋಗುವಾಗಿನ, ತಪಾಸಣೆಯನ್ನು ಬಹಳ ಮಂದಿ ಬಾಯಿಪಾಠದಂತೆ ಒಪ್ಪಿಸುತ್ತಾರೆ, ಕಣ್ಣು ಮಾತ್ರ ಹೊರಗೆಲ್ಲೋ ಇರುತ್ತದೆ. ನಿಜವಾಗಿ ಅದು ಪ್ರತಿ ಉಪಕರಣಕ್ಕೂ ಒಂದೊಂದು ಪ್ರಶ್ನೆ ಹಾಕುವ ಹೊತ್ತು. ಎಡಕ್ಕೆ ತಿರುಗುವಾಗ ತಿರುವಿನ ಉಪಕರಣದ ಪುಟ್ಟ ವಿಮಾನ ಎಡಕ್ಕೆ ವಾಲಬೇಕು, ಗುಂಡು ಬಲಕ್ಕೆ ಸರಿಯಬೇಕು, ದಿಕ್ಕು ತೋರುವ ಗೈರೊದ ಅಂಕಿ ಕಡಿಮೆಯಾಗುತ್ತ ಹೋಗಬೇಕು, ಕಾಂತೀಯ ದಿಕ್ಸೂಚಿ ದ್ರವದಲ್ಲಿ ಸರಾಗವಾಗಿ ತೇಲುತ್ತ ಅದನ್ನೇ ಅನುಸರಿಸಬೇಕು. ಕೃತಕ ದಿಗಂತ ಎಂಜಿನ್ ಚಾಲೂ ಆದ ಐದು ನಿಮಿಷದೊಳಗೆ ನೆಟ್ಟಗಾಗಿ, ತಿರುವುಗಳಲ್ಲಿ 5 ಡಿಗ್ರಿಗಿಂತ ಹೆಚ್ಚು ವಾಲದೆ ನಿಲ್ಲಬೇಕು. ಆಲ್ಟಿಮೀಟರಿಗೆ ಅಲ್ಲಿಯ ಒತ್ತಡವನ್ನು ಹಾಕಿದಾಗ ಅದು ತೋರುವ ಎತ್ತರ ವಿಮಾನ ನಿಲ್ದಾಣದ ನಿಜವಾದ ಎತ್ತರಕ್ಕೆ 75 ಅಡಿಗಳೊಳಗೆ ಇರಬೇಕು. ಒತ್ತಡದ ಅಂಕಿಯಲ್ಲಿ ಒಂದು ಇಂಚಿನ ತಪ್ಪಾದರೆ ಸುಮಾರು 1,000 ಅಡಿಯ ತಪ್ಪಾಗುತ್ತದೆ ಎಂಬುದನ್ನು ನೆನೆದರೆ, ಆ ಗುಂಡಿ ತಿರುಗಿಸುವಾಗ ಯಾರಿಗೂ ಅವಸರ ಮಾಡಲು ಮನಸ್ಸಾಗದು. ಪರೀಕ್ಷಕರು ಈ ಹೊತ್ತಿನಲ್ಲಿ ಮಾತಾಡುವುದಿಲ್ಲ, ಅಭ್ಯರ್ಥಿಯ ಕಣ್ಣು ಎಲ್ಲಿ ಹೋಗುತ್ತಿದೆ ಎಂಬುದನ್ನೇ ನೋಡುತ್ತಿರುತ್ತಾರೆ.

ಇನ್ನು ಜಿಪಿಎಸ್. ನನ್ನ ಅನುಭವದಲ್ಲಿ ಇಂದಿನ ಅಭ್ಯರ್ಥಿಗಳು ಎಡವುವುದು ಹಾರಾಟದಲ್ಲಲ್ಲ, ಈ ಪೆಟ್ಟಿಗೆಯ ಗುಂಡಿಗಳಲ್ಲಿ. ಇದನ್ನು ನಾನೇ ಎಡವಿ ಕಲಿತೆ.

ಪರೀಕ್ಷೆಗೆ ಹತ್ತು ದಿನ ಮೊದಲು ನನ್ನ ಗುರುಗಳೊಡನೆ ಅಭ್ಯಾಸದ ಪರೀಕ್ಷೆ ನಡೆಸಿದ್ದೆವು. ನೆಲದಿಂದ ಬರುವ ರೇಡಿಯೊ ಕಿರಣಗಳು ದಿಕ್ಕನ್ನೂ ಇಳಿಜಾರನ್ನೂ ತೋರಿಸುವ ಐಎಲ್‌ಎಸ್ ಅಪ್ರೋಚಿಗೆ ಹೋಗುತ್ತಿದ್ದೆ. ಫ್ರೀಕ್ವೆನ್ಸಿ ಹಾಕಿದ್ದೆ, ಗುರುತಿನ ಸದ್ದು ಕೇಳಿಸಿಕೊಂಡಿದ್ದೆ, ಜಿಪಿಎಸ್‌ನಲ್ಲೂ ಅದೇ ಅಪ್ರೋಚನ್ನು ಹಾಕಿಕೊಂಡಿದ್ದೆ. ಮುಳ್ಳು ಮೆಲ್ಲನೆ ಬಂದು ನಡುವಿನಲ್ಲಿ ನಿಂತಿತು, ನಾನು ಅಷ್ಟು ಅಚ್ಚುಕಟ್ಟಾಗಿ ಅದನ್ನು ಹಿಡಿದದ್ದು ಅದೇ ಮೊದಲು. ಮೈಲಿಗಳು ಕಳೆದವು, ಮುಳ್ಳು ಒಂದಿಷ್ಟೂ ಅಲುಗಲಿಲ್ಲ. ಗುರುಗಳು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಮೆಲ್ಲನೆ ಕೇಳಿದರು: “ಈ ಮುಳ್ಳು ಯಾರ ಮಾತು ಕೇಳುತ್ತಿದೆ?” ಆಗ ನೋಡಿದೆ. ಮೂಲ ಆಯ್ಕೆ ಮಾಡುವ ಗುಂಡಿಯ ಮೇಲಿನ ಅಕ್ಷರಗಳು ಇನ್ನೂ ‘ಜಿಪಿಎಸ್’ ಎಂದೇ ಇದ್ದವು. ನಾನು ಅಷ್ಟು ಹೊತ್ತು ಹಾರಿದ್ದು ಐಎಲ್‌ಎಸ್‌ನ ರೇಡಿಯೊ ಕಿರಣದ ಮೇಲಲ್ಲ, ಅದರ ಮೇಲೆ ಉಪಗ್ರಹಗಳ ಲೆಕ್ಕದಿಂದ ಗೆರೆ ಎಳೆದಂತಿದ್ದ ಇನ್ನೊಂದು ದಾರಿಯ ಮೇಲೆ. ಇಳಿಜಾರು ತೋರಬೇಕಾದ ಗ್ಲೈಡ್‌ಸ್ಲೋಪ್ ಮುಳ್ಳಿನ ಮೇಲೆ ಕೆಂಪು ಪಟ್ಟಿ ಹಾಗೇ ನಿಂತಿತ್ತು, ಅದನ್ನು ನಾನು ಕಂಡೂ ಕಾಣದವರಂತೆ ಬಿಟ್ಟಿದ್ದೆ. ಜಿಪಿಎಸ್ ಹಲವು ಕಡೆ ನೆಲದ ರೇಡಿಯೊ ಸ್ಟೇಷನ್ನಿಗೆ ಬದಲಿಯಾಗಬಹುದು, ಆದರೆ ಐಎಲ್‌ಎಸ್‌ನಲ್ಲಿ ದಿಕ್ಕು ತೋರುವ ಕಿರಣವಾದ ಲೋಕಲೈಸರಿನ ಅಂತಿಮ ಹಾದಿಯಲ್ಲಿ ದಿಕ್ಕಿಗೆ ಅದನ್ನೇ ಆಧಾರವಾಗಿ ಬಳಸಲು ಅನುಮತಿಯಿಲ್ಲ. ಪರೀಕ್ಷೆಯಲ್ಲಿ ಹೀಗಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಮೋಡದಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದ್ದೆ. ಅಂದಿನಿಂದ ಪ್ರತಿ ಅಪ್ರೋಚಿಗೂ ಮೊದಲು ಬೆರಳನ್ನು ಆ ಗುಂಡಿಯ ಮೇಲಿಟ್ಟು, ಮೂಲದ ಹೆಸರನ್ನು ಬಾಯಿಬಿಟ್ಟು ಓದುತ್ತೇನೆ. ಬರಿಗಣ್ಣಿನಲ್ಲಿ ನೋಡಿದರೆ ಸಾಲದು, ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿಬಿಡುತ್ತದೆ.

ಉಪಗ್ರಹದ ಅಪ್ರೋಚುಗಳಲ್ಲಿಯೂ ಅಕ್ಷರಗಳನ್ನು ಓದುವುದೇ ಮುಖ್ಯ ಕೆಲಸ. ಜಿಪಿಎಸ್‌ನ ಡೇಟಾಬೇಸ್ 28 ದಿನಕ್ಕೊಮ್ಮೆ ಬದಲಾಗುತ್ತದೆ, ಪರೀಕ್ಷೆಯಲ್ಲಿ ಈ ಅಪ್ರೋಚ್ ಹಾರಬೇಕಾದರೆ ಅದು ಅವಧಿ ಮೀರಿರಬಾರದು. ಪರದೆಯ ಮೇಲೆ ಎಲ್‌ಪಿವಿ ಎಂದು ಬಂದರೆ ಇಳಿಜಾರಿನ ಮಾರ್ಗದರ್ಶನ ನಂಬಿ ನಿರ್ಧಾರದ ಎತ್ತರದವರೆಗೆ, ಅಂದರೆ ಇಳಿಯುವುದೋ ಮತ್ತೆ ಮೇಲೇರುವುದೋ ಎಂದು ತೀರ್ಮಾನಿಸಬೇಕಾದ ಎತ್ತರದವರೆಗೆ, ಇಳಿಯಬಹುದು. ಎಲ್‌ಎನ್‌ಎವಿ ಎಂದಷ್ಟೇ ಬಂದರೆ ಮಾರ್ಗದರ್ಶನ ದಿಕ್ಕಿಗೆ ಮಾತ್ರ, ಕನಿಷ್ಠ ಎತ್ತರ ಬೇರೆ, ಅದನ್ನು ಮುಟ್ಟಿದ ಮೇಲೆ ಅಲ್ಲೇ ನೆಟ್ಟಗೆ ಹೋಗಬೇಕು. ಅದರ ಪಕ್ಕದಲ್ಲಿ ‘ಪ್ಲಸ್ ವಿ’ ಎಂದು ಕಂಡರೆ ಆ ಇಳಿಜಾರು ಬರೀ ಸಲಹೆ, ಕನಿಷ್ಠ ಎತ್ತರದ ಕೆಳಗೆ ಅದು ಮರ ಗುಡ್ಡಗಳಿಂದ ತಪ್ಪಿಸುತ್ತದೆಂಬ ಭರವಸೆ ಯಾರೂ ಕೊಟ್ಟಿಲ್ಲ. ಮಾರ್ಗಮಧ್ಯದಲ್ಲಿ ಎಲ್‌ಪಿವಿ ಎಂದಿದ್ದದ್ದು ಎಲ್‌ಎನ್‌ಎವಿಗೆ ಇಳಿದುಬಿಡಬಹುದು, ಆಗ ಚಾರ್ಟಿನ ಬೇರೆ ಸಾಲಿಗೆ ಮನಸ್ಸು ಹೊರಳಬೇಕು. ಅದಕ್ಕೇ ನಾನು ಎರಡೂ ಎತ್ತರಗಳನ್ನು ಮೊದಲೇ ಹೇಳಿಕೊಂಡು ಹೋಗುತ್ತೇನೆ. ಇಲ್ಲಿ ತಿಳಿಯಬೇಕಾದ ಸೂಕ್ಷ್ಮವೊಂದಿದೆ: ಎಲ್‌ಪಿವಿಯ ನಿರ್ಧಾರದ ಎತ್ತರ ನೆಲದಿಂದ 300 ಅಡಿ ಅಥವಾ ಕಡಿಮೆ ಇದ್ದರೆ ಅದನ್ನು ಪರೀಕ್ಷೆಯಲ್ಲಿ ಪ್ರಿಸಿಷನ್ ಅಪ್ರೋಚ್ ಆಗಿ ತೋರಿಸಬಹುದು, ಅದಕ್ಕಿಂತ ಹೆಚ್ಚಿದ್ದರೆ ಅದು ನಾನ್‌ಪ್ರಿಸಿಷನ್ ಲೆಕ್ಕಕ್ಕೆ ಹೋಗುತ್ತದೆ. ವಿಮಾನದಲ್ಲಿ ಗ್ಲೈಡ್‌ಸ್ಲೋಪ್ ರಿಸೀವರ್ ಇಲ್ಲದವರಿಗೆ ಇದು ದೊಡ್ಡ ಅನುಕೂಲ.

ನನ್ನ ಪರೀಕ್ಷೆಯಲ್ಲಿ ಆಟೊಪೈಲಟ್ ಬಳಸಿದ್ದು ಇಂಥದೇ ಒಂದು ಎಲ್‌ಎನ್‌ಎವಿ ಅಪ್ರೋಚಿನಲ್ಲಿ. ನಿಯಂತ್ರಕರು ಕೊಟ್ಟ ದಿಕ್ಕಿನಲ್ಲಿ ಹೆಡಿಂಗ್ ಮೋಡ್ ಹಾಕಿ ಹೋಗುತ್ತಿದ್ದೆ, ಅಂತಿಮ ಹಾದಿ ಹಿಡಿಯಲು ನ್ಯಾವ್ ಗುಂಡಿ ಒತ್ತಿದೆ. ಪರೀಕ್ಷಕರು, “ಈಗ ಅದು ಏನು ಮಾಡುತ್ತಿದೆ?” ಎಂದರು. ನಮ್ಮ ಆಟೊಪೈಲಟ್‌ನ ಕಿಟಕಿಯಲ್ಲಿ ನ್ಯಾವ್ ಎಂಬುದರ ಪಕ್ಕ ‘ಆರ್ಮ್’ ಎಂಬ ಸಣ್ಣ ಅಕ್ಷರಗಳಿದ್ದವು. “ಹಾದಿಯನ್ನು ಇನ್ನೂ ಹಿಡಿದಿಲ್ಲ, ಮುಳ್ಳು ಹತ್ತಿರ ಬರುವುದನ್ನು ಕಾಯುತ್ತಿದೆ, ಅಲ್ಲಿಯವರೆಗೆ ಹೆಡಿಂಗನ್ನೇ ಅನುಸರಿಸುತ್ತದೆ,” ಎಂದೆ. ಒಂದು ನಿಮಿಷದ ನಂತರ ಆ ಅಕ್ಷರಗಳು ಮಾಯವಾಗಿ ರೆಕ್ಕೆ ಬಾಗಿತು. “ಈಗ?” ಎಂದರು. “ಈಗ ಹಿಡಿಯಿತು.” ಸಿದ್ಧವಾಗಿರುವುದಕ್ಕೂ ಹಿಡಿದಿರುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯದ ಪೈಲಟ್, ಯಂತ್ರ ತಿರುಗಿಸುತ್ತದೆಂದು ನಂಬಿ ಕೂತು, ಹಾದಿಯನ್ನು ಅಡ್ಡ ದಾಟಿ ಆಚೆ ಹೋಗಿಬಿಡುತ್ತಾರೆ.

ಎತ್ತರದ ವಿಷಯದಲ್ಲಿ ನಮ್ಮ ಆಟೊಪೈಲಟ್ ಇನ್ನೂ ಸರಳವಾದದ್ದು. ಬೇಕಾದ ಎತ್ತರವನ್ನು ಮೊದಲೇ ಹೇಳಿಡುವ ಸೌಲಭ್ಯ ಅದಕ್ಕಿರಲಿಲ್ಲ. ನಿಮಿಷಕ್ಕೆ 500 ಅಡಿ ಇಳಿ ಎಂದರೆ ಇಳಿಯುತ್ತಲೇ ಹೋಗುತ್ತದೆ, ನಿಲ್ಲು ಎಂದು ಹೇಳಬೇಕಾದವರು ನಾವು. ಕನಿಷ್ಠ ಎತ್ತರಕ್ಕಿಂತ 100 ಅಡಿ ಮೇಲಿದ್ದರೆ ಪರೀಕ್ಷೆ ಒಪ್ಪುತ್ತದೆ, ಒಂದು ಅಡಿ ಕೆಳಗೆ ಹೋದರೂ ಒಪ್ಪುವುದಿಲ್ಲ. ಹಾಗಾಗಿ ಇಳಿಯುವಾಗ ನನ್ನ ಬಲಗೈ ಹೆಬ್ಬೆರಳು ಆಲ್ಟಿಟ್ಯೂಡ್ ಗುಂಡಿಯ ಮೇಲೆಯೇ ಇತ್ತು, ಐವತ್ತು ಅಡಿ ಬಾಕಿ ಇರುವಾಗ ಒತ್ತಿದೆ. ಒತ್ತಿದ ತಕ್ಷಣ ಎಂಜಿನ್ನಿನ ಶಕ್ತಿ ಏರಿಸಬೇಕು, ಏಕೆಂದರೆ ಈ ಆಟೊಪೈಲಟ್ ಥ್ರಾಟಲ್ ಮುಟ್ಟುವುದಿಲ್ಲ. ಎತ್ತರ ಹಿಡಿದಿಡುವ ಹಠದಲ್ಲಿ ಮೂಗು ಎತ್ತುತ್ತ ಎತ್ತುತ್ತ ವೇಗವನ್ನೆಲ್ಲ ಕಳೆದುಬಿಡುತ್ತದೆ. ಇದರ ನಂತರ ಪರೀಕ್ಷಕರು ಕೇಳಿದ್ದು, ಈ ಯಂತ್ರವನ್ನು ಬಿಡಿಸುವ ದಾರಿಗಳು ಎಷ್ಟು ಎಂದು. ಕೈಯಲ್ಲಿ ಹಿಡಿದು ವಿಮಾನ ನಡೆಸುವ ಯೋಕ್ ಮೇಲಿನ ಕೆಂಪು ಗುಂಡಿ, ಆಟೊಪೈಲಟ್‌ನ ಸ್ವಂತ ಗುಂಡಿ, ಸರ್ಕ್ಯೂಟ್ ಬ್ರೇಕರ್, ಕೊನೆಗೆ ಮಾಸ್ಟರ್ ಸ್ವಿಚ್. ಬ್ರೇಕರನ್ನು ನೋಡದೆ ಮುಟ್ಟಿ ತೋರಿಸಿ ಎಂದರು. ಅದರ ಕತ್ತಿಗೆ ಹಿಂದೊಮ್ಮೆ ಯಾರೋ ಬಣ್ಣದ ಉಂಗುರ ಹಾಕಿದ್ದರು, ಬೆರಳಿಗೆ ಅದು ಸಿಕ್ಕಿತು.

ಐಎಲ್‌ಎಸ್ ಅನ್ನು ಕೈಯಲ್ಲೇ ಹಾರಿದೆ. ಮೂರನೆಯದು, ವಿಒಆರ್ ಅಪ್ರೋಚ್, ಅದು ನಾನು ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಜಿದ್ದ ಭಾಗ. ಕನಿಷ್ಠ ಒಂದು ನಾನ್‌ಪ್ರಿಸಿಷನ್ ಅಪ್ರೋಚನ್ನು ಕೆಲವು ಉಪಕರಣಗಳು ಕೈಕೊಟ್ಟ ಸ್ಥಿತಿಯಲ್ಲಿ ಹಾರಬೇಕೆಂದು ಮಾನದಂಡ ಹೇಳುತ್ತದೆ. ಅದರಲ್ಲಿ ನನಗೆ ಹಿಡಿಸುವ ಮಾತೆಂದರೆ, ಆ ವೈಫಲ್ಯ ಬಳಸುತ್ತಿರುವ ಉಪಕರಣಗಳಿಗೆ ನಿಜವಾಗಿ ಸಂಭವಿಸಬಹುದಾದಂಥದ್ದಾಗಿರಬೇಕು ಎಂಬುದು. ಗಾಜಿನ ಪರದೆಗಳ ವಿಮಾನದಲ್ಲಿ ಒಂದು ಪರದೆ ಕಪ್ಪಾಗುತ್ತದೆ, ಆಗ ಉಳಿದ ಪರದೆಯನ್ನೋ ಪಕ್ಕದ ಸಣ್ಣ ಮೀಸಲು ಉಪಕರಣಗಳನ್ನೋ ನೆಚ್ಚಬೇಕು. ನಮ್ಮದು ಹಳೆಯ ಬಗೆಯ ಪ್ಯಾನೆಲ್. ಕೃತಕ ದಿಗಂತ ಮತ್ತು ದಿಕ್ಕಿನ ಗೈರೊ ಎರಡೂ ಒಂದೇ ವ್ಯಾಕ್ಯೂಮ್ ಪಂಪಿನಿಂದ ತಿರುಗುತ್ತವೆ, ತಿರುವಿನ ಉಪಕರಣ ಮಾತ್ರ ವಿದ್ಯುತ್ತಿನದು. ಪಂಪ್ ಹೋದರೆ ಎರಡೂ ಜೊತೆಯಾಗಿ ಹೋಗುತ್ತವೆ. ಪರೀಕ್ಷಕರು ಚೀಲದಿಂದ ಎರಡು ರಬ್ಬರ್ ಬಿಲ್ಲೆಗಳನ್ನು ತೆಗೆದು ಆ ಎರಡರ ಮೇಲೂ ಒತ್ತಿ ಕೂರಿಸಿದರು. ಪ್ಯಾನೆಲ್ಲಿನ ಹೃದಯವೇ ಕಪ್ಪಾದಂತಾಯಿತು.

ಹೀಗಾದಾಗ ಹೋದದ್ದನ್ನೇ ನೋಡುತ್ತ ಕೂರುವುದು ಮನುಷ್ಯ ಸ್ವಭಾವ. ಉಳಿದದ್ದು ಏನು ಎಂದು ಲೆಕ್ಕ ಹಾಕುವುದನ್ನು ಅಭ್ಯಾಸದಿಂದಲೇ ರೂಢಿಸಿಕೊಳ್ಳಬೇಕು. ವಾಲುವುದನ್ನು ತಿರುವಿನ ಉಪಕರಣ ಹೇಳುತ್ತದೆ, ಮೂಗು ಮೇಲೋ ಕೆಳಗೋ ಎಂಬುದನ್ನು ವೇಗಮಾಪಕ ಮತ್ತು ಆಲ್ಟಿಮೀಟರ್ ಸೇರಿ ಹೇಳುತ್ತವೆ, ದಿಕ್ಕಿಗೆ ಕಾಂತೀಯ ದಿಕ್ಸೂಚಿ ಇದೆ. ಆದರೆ ದಿಕ್ಸೂಚಿ ತಿರುವಿನಲ್ಲಿ ನಂಬಿಕೆಗೆ ಅರ್ಹವಲ್ಲ. ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ತಿರುಗುವಾಗ ಅದು ಹಿಂದೆ ಬೀಳುತ್ತದೆ, ದಕ್ಷಿಣಕ್ಕೆ ತಿರುಗುವಾಗ ಮುಂದೆ ಓಡುತ್ತದೆ. ಅದಕ್ಕೇ ಗಡಿಯಾರ ಹಿಡಿದು ತಿರುಗುತ್ತೇವೆ: ಸ್ಟ್ಯಾಂಡರ್ಡ್ ತಿರುವೆಂದರೆ ಸೆಕೆಂಡಿಗೆ 3 ಡಿಗ್ರಿ, 60 ಡಿಗ್ರಿ ತಿರುಗಲು 20 ಸೆಕೆಂಡು, ನಂತರ ರೆಕ್ಕೆ ಸಮ ಮಾಡಿ ದಿಕ್ಸೂಚಿ ನಿಂತ ಮೇಲೆ ಓದುವುದು. ಇಷ್ಟೆಲ್ಲದರ ಜೊತೆಗೆ, ಅಭ್ಯರ್ಥಿಗಳು ಬಹುತೇಕ ಮರೆಯುವ ಒಂದು ನೆರವು ಜಿಪಿಎಸ್ ಪರದೆಯ ಮೂಲೆಯಲ್ಲೇ ಇರುತ್ತದೆ. ವಿಮಾನ ನೆಲದ ಮೇಲೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬ ಟ್ರ್ಯಾಕ್ ಅಂಕಿ ಅದು. ಪರೀಕ್ಷಕರು ಜಿಪಿಎಸ್ ಮುಚ್ಚಿರಲಿಲ್ಲ. “ಟ್ರ್ಯಾಕ್ ಅಂಕಿ ಬಳಸುತ್ತೇನೆ,” ಎಂದು ಹೇಳಿಯೇ ಬಳಸಿದೆ. ಅವರು ಬೇಡವೆನ್ನಲಿಲ್ಲ. ಉಳಿದಿರುವ ಉಪಕರಣವನ್ನು ಬಳಸುವುದು ಕಳ್ಳದಾರಿಯಲ್ಲ, ಪರೀಕ್ಷೆ ಕೇಳುತ್ತಿರುವುದೇ ಅದನ್ನು.

ಇಲ್ಲಿ ಪರೀಕ್ಷೆಯಾಚೆಗಿನ ಒಂದು ಮಾತು ಹೇಳಲೇಬೇಕು. ರಬ್ಬರ್ ಬಿಲ್ಲೆ ಪ್ರಾಮಾಣಿಕವಾದದ್ದು, ಉಪಕರಣ ಸತ್ತಿದೆ ಎಂದು ಅದು ಮುಖದ ಮೇಲೆ ಹೇಳುತ್ತದೆ. ನಿಜವಾದ ಪಂಪ್ ಕೈಕೊಟ್ಟಾಗ ಗೈರೊ ಕೂಡಲೇ ನಿಲ್ಲುವುದಿಲ್ಲ. ಅದರ ವೇಗ ನಿಧಾನವಾಗಿ ಇಳಿಯುತ್ತ, ಕೃತಕ ದಿಗಂತ ಸ್ವಲ್ಪ ಸ್ವಲ್ಪವೇ ಒಂದು ಕಡೆ ವಾಲುತ್ತದೆ, ಪೈಲಟ್ ತನಗರಿವಿಲ್ಲದೆಯೇ ಅದನ್ನು ನೆಟ್ಟಗೆ ಮಾಡಲು ಹೋಗಿ ವಿಮಾನವನ್ನೇ ವಾಲಿಸುತ್ತಾರೆ. ಆ ಹೊತ್ತಿನಲ್ಲಿ ಒಳಕಿವಿಯೂ ಸಾಕ್ಷಿಗೆ ಬರುವುದಿಲ್ಲ, ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ತಿರುಗುತ್ತಿದ್ದೇವೆಂಬ ಅನುಭವವೇ ಹೋಗಿಬಿಡುತ್ತದೆ. ಪಂಪಿನ ಹೀರುವ ಬಲ ತೋರುವ ಸಕ್ಷನ್ ಗೇಜನ್ನು ನೋಡುವ ಅಭ್ಯಾಸವಿರಬೇಕು, ತಿರುವಿನ ಉಪಕರಣ ಒಂದು ಹೇಳಿ ದಿಗಂತ ಇನ್ನೊಂದು ಹೇಳಿದರೆ ಮೂರನೆಯವರ ಸಾಕ್ಷಿ ಕೇಳಬೇಕು, ಸುಳ್ಳು ಹೇಳುತ್ತಿರುವುದು ಯಾವುದೆಂದು ಖಚಿತವಾದ ಮೇಲೆ ಅದರ ಮುಖ ಮುಚ್ಚಿಬಿಡಬೇಕು. ಪರೀಕ್ಷೆ ಮುಗಿದ ಮೇಲೂ ಎರಡು ರಬ್ಬರ್ ಬಿಲ್ಲೆಗಳು ನನ್ನ ಚೀಲದಲ್ಲಿ ಇರುವುದು ಈ ಕಾರಣಕ್ಕೆ.

ಈ ಉಪಕರಣಗಳಿಗೆ ದೊಡ್ಡ ಚರಿತ್ರೆಯಿದೆ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ನ್ಯೂಯಾರ್ಕ್‌ನ ಮಿಚೆಲ್ ಫೀಲ್ಡ್‌ನಲ್ಲಿ, ಮೇಲೆ ಮುಚ್ಚಿದ್ದ ಹಿಂದಿನ ಕಾಕ್‌ಪಿಟ್ಟಿನಲ್ಲಿ ಕೂತು, ಹೊರಗಿನದೇನೂ ಕಾಣದೆ ಎನ್‌ವೈ-2 ವಿಮಾನವನ್ನು ಏರಿಸಿ, ಸುತ್ತಿ ಇಳಿಸಿದರು. ಸುಮಾರು 15 ನಿಮಿಷದ ಹಾರಾಟ ಅದು. ಅವರ ಮುಂದಿದ್ದದ್ದು ಸ್ಪೆರಿ ಕಂಪನಿಯ ಕೃತಕ ದಿಗಂತ ಮತ್ತು ದಿಕ್ಕಿನ ಗೈರೊ, ಕೋಲ್ಸ್‌ಮನ್ನರ ಸೂಕ್ಷ್ಮ ಆಲ್ಟಿಮೀಟರ್, ನೆಲದಿಂದ ಬರುವ ರೇಡಿಯೊ ಸಂಕೇತ. ಮುಂದಿನ ಸೀಟಿನಲ್ಲಿ ಸುರಕ್ಷತೆಗಾಗಿ ಬೆನ್ ಕೆಲ್ಸಿ ಇದ್ದರು. ಪರೀಕ್ಷೆಯಲ್ಲಿ ಹೊರಗೆ ಕಾಣದಂತೆ ನಾವು ತಲೆಗೆ ಹಾಕಿಕೊಳ್ಳುವ ಹುಡ್, ಪಕ್ಕದಲ್ಲಿ ಹೊರಗೆ ನೋಡುತ್ತ ಕೂರುವ ಇನ್ನೊಬ್ಬ ಪೈಲಟ್, ಎರಡೂ ಆ ಹಾರಾಟದಲ್ಲಿಯೇ ಇದ್ದವು ಎಂದು ನೆನೆದಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಹುಡ್ ಕೂಡ ಅಭ್ಯರ್ಥಿಯೇ ತರಬೇಕಾದ ಉಪಕರಣ, ಅದು ಹೊರನೋಟವನ್ನು ಸರಿಯಾಗಿ ತಡೆಯುತ್ತದೆಂದು ಪರೀಕ್ಷಕರಿಗೆ ಒಪ್ಪಿಗೆಯಾಗಬೇಕು. ಅಭ್ಯಾಸದಲ್ಲಿ ಬಳಸಿದ್ದನ್ನೇ ತನ್ನಿ, ಹೊಸದನ್ನು ಆ ದಿನ ಕೊಂಡುತರಬೇಡಿ, ಹೆಡ್‌ಸೆಟ್ಟಿನ ಕೆಳಗೆ ಅದು ಒತ್ತುವ ಜಾಗ ಬೇರೆಯಾದರೆ ಎರಡು ಗಂಟೆ ತಲೆನೋವು. ಟ್ಯಾಬ್ಲೆಟ್ಟಿನ ಬಗ್ಗೆಯೂ ಬಹಳ ಹೇಳಬೇಕಾಗಿಲ್ಲ. ಚಾರ್ಟುಗಳಿಗೆ ಅದನ್ನು ಬಳಸಬಹುದು, ಆದರೆ ಪರೀಕ್ಷಕರು ಯಾವುದೋ ಒಂದು ಹೊತ್ತಿನಲ್ಲಿ ಅದು ಬಿಸಿಯಾಗಿ ಆರಿಹೋಯಿತು ಎನ್ನುವುದು ಬಹುತೇಕ ಖಚಿತ, ಆಗ ಕೈಗೆಟಕುವಲ್ಲಿ ಎರಡನೆಯ ಪ್ರತಿ ಇರಬೇಕು. ನಾನು ಆ ದಿನ ಬೇಕಾಗಬಹುದಾದ ನಾಲ್ಕು ಅಪ್ರೋಚುಗಳ ಚಾರ್ಟುಗಳನ್ನು ಕಾಗದದಲ್ಲಿ ಮುದ್ರಿಸಿ ತೊಡೆಯ ಪಟ್ಟಿಗೆ ಸಿಕ್ಕಿಸಿಕೊಂಡಿದ್ದೆ.

ಕೊನೆಗೆ, ಪರೀಕ್ಷೆಯ ನಡುವೆ ಉಪಕರಣ ನಿಜವಾಗಿಯೇ ಕೈಕೊಟ್ಟರೆ ಏನು ಮಾಡಬೇಕು ಎಂಬುದು. ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬನಿಗೆ ಹಾಗಾಯಿತು. ಮೊದಲ ಅಪ್ರೋಚ್ ಮುಗಿಸಿ ಮೇಲೇರುವಾಗ ಆಲ್ಟರ್ನೇಟರಿನ ದೀಪ ಹೊತ್ತಿಕೊಂಡಿತು. ಪರೀಕ್ಷಕರು ಹೂಡಿದ ಆಟವಿದು ಎಂದು ಅವನು ಮೊದಲು ಭಾವಿಸಿದ, ಅವರ ಮುಖ ನೋಡಿದಾಗ ಅಲ್ಲವೆಂದು ತಿಳಿಯಿತು. ಅವನು ಚೆಕ್‌ಲಿಸ್ಟ್ ತೆಗೆದು, ಒಮ್ಮೆ ಮತ್ತೆ ಚಾಲೂ ಮಾಡಿ ನೋಡಿ, ಆಗದಿದ್ದಾಗ ಬ್ಯಾಟರಿ ಉಳಿಸಲು ಎರಡನೆಯ ರೇಡಿಯೊ ಮತ್ತು ಬೇಡದ ದೀಪಗಳನ್ನು ಆರಿಸಿ, ನಿಯಂತ್ರಕರಿಗೆ ವಿಷಯ ತಿಳಿಸಿ, ಹುಡ್ ತೆಗೆದು ಹಿಂದಿರುಗಿ ಇಳಿಸಿದ. ಪರೀಕ್ಷೆಯ ಹೊತ್ತಿನಲ್ಲೂ ಪೈಲಟ್-ಇನ್-ಕಮಾಂಡ್ ಅಭ್ಯರ್ಥಿಯೇ, ಪರೀಕ್ಷಕರು ಸಾಮಾನ್ಯವಾಗಿ ನೋಡಲು ಬಂದವರು. ಆ ತೀರ್ಮಾನ ಅವನದೇ ಆಗಿರಬೇಕಿತ್ತು, ಆಗಿತ್ತು. ನನಗೆ ಫೋನ್ ಮಾಡಿದಾಗ ಮಾತ್ರ ಅವನ ದನಿ ಬಿದ್ದುಹೋಗಿತ್ತು, ನಪಾಸಾದೆ ಎಂದುಕೊಂಡಿದ್ದ. ಅದು ನಪಾಸಲ್ಲ. ವಿಮಾನ ಕೆಟ್ಟರೆ ಅಥವಾ ಹವೆ ಕೆಟ್ಟರೆ ಪರೀಕ್ಷೆಯನ್ನು ನಿಲ್ಲಿಸಿ ‘ಲೆಟರ್ ಆಫ್ ಡಿಸ್‌ಕಂಟಿನ್ಯುಯನ್ಸ್’ ಎಂಬ ಪತ್ರ ಕೊಡುತ್ತಾರೆ, 60 ದಿನದೊಳಗೆ ಮುಂದುವರಿಸಿದರೆ ಅಲ್ಲಿಯವರೆಗೆ ಪಾಸಾದ ಭಾಗಗಳು ಲೆಕ್ಕಕ್ಕೆ ಉಳಿಯುತ್ತವೆ.

ಹದಿನೇಳು ದಿನಗಳ ನಂತರ ಅವನು ಅದೇ ವಿಮಾನದಲ್ಲಿ ಬಾಕಿಯಿದ್ದ ಎರಡು ಅಪ್ರೋಚುಗಳು ಮತ್ತು ಹೋಲ್ಡಿಂಗ್, ಅಂದರೆ ಒಂದೇ ಜಾಗದಲ್ಲಿ ಸುತ್ತುತ್ತ ಕಾಯುವುದು, ಹಾರಿ ಮುಗಿಸಿದ. ಅಂದು ಬೆಳಿಗ್ಗೆ ಹೊಸ ಆಲ್ಟರ್ನೇಟರ್ ಕೂರಿಸಿದ್ದಕ್ಕೆ ಮೆಕ್ಯಾನಿಕ್ ಹಾಕಿದ್ದ ಸಹಿಯ ಪುಟವನ್ನು, ಪರೀಕ್ಷಕರು ಕೇಳುವ ಮೊದಲೇ, ಅವನು ತೆರೆದು ಮೇಜಿನ ಮೇಲಿಟ್ಟಿದ್ದ.